ಮಾಗಿ ಚಳಿ, ಜಾವಾ ಹೊಗೆ

ಡಿಸೆಂಬರ್ ಕೊನೇ ವಾರ. ಬೆಳಗ್ಗೆ ಐದೂಮುಕ್ಕಾಲು. ಮೈಸೂರಿನ ನಮ್ಮನೆ ಗೇಟಿನ ಹೊರಗೆ ನಾನು, ನನ್ನ ಮಫ್ಲರು, ಕಾಲಲ್ಲಿ ಹವಾಯಿ ಚಪ್ಪಲಿ, ಮತ್ತು ಅಪ್ಪನ 1969ರ ಜಾವಾ. ಆಗಲೇ ಹದಿನೇಳು ಕಿಕ್ ಆಗಿತ್ತು. ಜಾವಾದ ಕಿಕ್ಕರ್ ಎಡಗಡೆ ಇರೋದು. ಹುಟ್ಟಿದಾಗಿನಿಂದ ಬಲಗಾಲಲ್ಲೇ ಒದ್ದು ಅಭ್ಯಾಸ ಇರೋ ನನ್ನಂಥವನಿಗೆ ಇದು ಎಡಗೈಯಲ್ಲಿ ಬರೆದ ಹಾಗೆ. ವಾಕಿಂಗಿಗೆ ಹೊರಟಿದ್ದ ಪಕ್ಕದ ಮನೆಯವರು ಮಂಕಿ ಕ್ಯಾಪಿನೊಳಗಿಂದಲೇ "ಏಳಲ್ವಂತಾ?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋದರು. ಅಷ್ಟರಲ್ಲಿ ಒಳಗಿನಿಂದ ಅಪ್ಪನ ದನಿ.

"ಟಿಕ್ಲರ್ ಒತ್ತಿದ್ಯೇನೋ?"

"ಒತ್ತಿದೆ."

"ಬೆರಳಿಗೆ ಪೆಟ್ರೋಲ್ ಹತ್ತಿತಾ?"

"ಇಲ್ಲ."

"ಹಾಗಾದ್ರೆ ಒತ್ತಿಲ್ಲ."

ಮತ್ತೆ ಬಗ್ಗಿ ಕಾರ್ಬುರೇಟರಿನ ತಲೆ ಮೇಲಿನ ಆ ಪುಟ್ಟ ಗುಂಡಿಯನ್ನ ಒತ್ತಿ ಹಿಡಿದೆ. ತಣ್ಣಗೆ ಪೆಟ್ರೋಲು ಬೆರಳ ಸಂದಿಯಲ್ಲಿ ಇಳಿಯಿತು. ಮೂರನೇ ಕಿಕ್ಕಿಗೆ ಗಾಡಿ ಎದ್ದಿತು. ಜೊತೆಗೆ ಎರಡು ಸೈಲೆನ್ಸರಿನಿಂದ ನೀಲಿ ಬೆರೆತ ಬಿಳಿ ಹೊಗೆಯೂ ಎದ್ದಿತು. ಆ ಚಳಿಯಲ್ಲಿ ಅದು ಮೇಲೆ ಹೋಗಲಿಲ್ಲ. ನೆಲಕ್ಕೇ ಅಂಟಿಕೊಂಡು, ಕಾಂಪೌಂಡ್ ಹತ್ತಿ, ಅಪ್ಪನ ಕೋಣೆಯ ಕಿಟಕಿಯೊಳಗೆ ನೆಟ್ಟಗೆ ನುಗ್ಗಿತು. ಕಿಟಕಿ ಬಾಗಿಲು ದಢಾರ್ ಅಂತ ಮುಚ್ಚಿಕೊಂಡಿತು. ಆಮೇಲೆ ಕೆಮ್ಮು. ನಾನು ಇಂಜಿನ್ ಆಫ್ ಮಾಡಿದೆ. ಕೆಮ್ಮು ನಿಲ್ಲಲಿಲ್ಲ. ಅಮ್ಮ ಇನ್‌ಹೇಲರ್ ಹುಡುಕೋ ಸದ್ದು ಕೇಳಿಸಿತು.

ಅಪ್ಪನಿಗೆ ಆರು ವರ್ಷದಿಂದ ಉಬ್ಬಸ. ಮಾಗಿಯಲ್ಲಿ ಜಾಸ್ತಿ. ಈ ಲೇಖನದಲ್ಲಿ ನಾನು ಜಾವಾನ ಎಷ್ಟೇ ಹೊಗಳಿದರೂ ಆ ಕೆಮ್ಮಿನ ಸದ್ದು ಹಿಂದೆ ಇದೆ ಅಂತ ಇಟ್ಕೊಂಡೇ ಓದಿ.

ಒಂದು ವಿಷಯ ನನಗೆ ಯಾವಾಗಲೂ ವಿಚಿತ್ರ ಅನಿಸ್ತಿತ್ತು. ನಮ್ಮೂರ ಚಳಿ ಎಷ್ಟರದ್ದು? ಹದಿನೈದು, ಹದಿನಾರು ಡಿಗ್ರಿ. ಬೆಂಗಳೂರಿನ ಇಷ್ಟು ವರ್ಷದ ದಾಖಲೆಯಲ್ಲೇ ಅತಿ ಕಮ್ಮಿ ಅಂದರೆ 1884ರ ಜನವರಿ 13ರ 7.8 ಡಿಗ್ರಿ. ಜಾವಾ ಹುಟ್ಟಿದ ಚೆಕ್ ದೇಶದಲ್ಲಿ ಇಷ್ಟಕ್ಕೆ ಜನ ಕೋಟ್ ಬಿಚ್ಚಿ ಓಡಾಡ್ತಾರೆ. ಹಿಮ ಬೀಳೋ ಊರಿನ ಗಾಡಿ ನಮ್ಮ ಮೈಸೂರಿನ ಇಬ್ಬನಿಗೆ ಮುನಿಸಿಕೊಳ್ಳೋದು ಅಂದರೇನು? ಇದನ್ನ ಹುಡುಕಿಕೊಂಡು ಹೊರಟವನಿಗೆ ಗಾಡಿಯ ಚರಿತ್ರೆಯೂ ಸಿಕ್ಕಿತು, ಅದರ ಸಾವಿನ ಕಾರಣವೂ ಸಿಕ್ಕಿತು.

ಹೆಸರಿನಿಂದಲೇ ಶುರು ಮಾಡೋಣ. ಜಾವಾ ಅಂದರೆ ಇಂಡೋನೇಷ್ಯಾದ ದ್ವೀಪ ಅಲ್ಲ, ನೀವು ಬರೆಯೋ ಕೋಡೂ ಅಲ್ಲ. ಫ್ರಾಂಟಿಶೆಕ್ ಯಾನೆಚೆಕ್ ಅಂತ ಒಬ್ಬ ಚೆಕ್ ಉದ್ಯಮಿ ಇದ್ದ. ಶಸ್ತ್ರಾಸ್ತ್ರ ತಯಾರಿಸ್ತಿದ್ದ. ಮೊದಲ ಮಹಾಯುದ್ಧ ಮುಗಿದು ಬಂದೂಕಿಗೆ ಗಿರಾಕಿ ಕಡಿಮೆಯಾದ ಮೇಲೆ ಬೇರೆ ದಂಧೆ ಬೇಕಿತ್ತು. ಅದೇ ಹೊತ್ತಿಗೆ ಜರ್ಮನಿಯ ವಾಂಡರರ್ ಕಂಪನಿ ಮೋಟಾರ್‌ಸೈಕಲ್ ಮಾಡೋದು ಬಿಡ್ತಿತ್ತು. 1929ರಲ್ಲಿ ಅವರ 500 ಸಿಸಿ ಗಾಡಿಯ ಹಕ್ಕನ್ನ ಯಾನೆಚೆಕ್ ಕೊಂಡ. ಯಾನೆಚೆಕ್‌ನ 'ಜೆಎ', ವಾಂಡರರ್‌ನ 'ಡಬ್ಲ್ಯೂಎ' ಸೇರಿ ಜಾವಾ. ಚೆಕ್ಕರು ಅದನ್ನ 'ಯಾವಾ' ಅಂತಾರೆ. ನಮ್ಮ ಮೆಕ್ಯಾನಿಕ್‌ಗಳ ಮುಂದೆ ಹಾಗಂದರೆ "ಯಾವ್ದು?" ಅಂತ ತಿರುಗಿ ಕೇಳ್ತಾರೆ.

ಆ ಮೊದಲ 500 ಸಿಸಿ ದುಬಾರಿ ಆಯಿತು. 30ರ ದಶಕದ ಆರ್ಥಿಕ ಕುಸಿತದಲ್ಲಿ ಯಾರು ಕೊಳ್ತಾರೆ? ಜಾರ್ಜ್ ಪ್ಯಾಚೆಟ್ ಅನ್ನೋ ಇಂಗ್ಲಿಷ್ ಎಂಜಿನಿಯರನ್ನ ಕರೆಸಿಕೊಂಡು, ಇಂಗ್ಲೆಂಡಿನ ವಿಲಿಯರ್ಸ್ ಇಂಜಿನ್ ಹಾಕಿದ 175 ಸಿಸಿಯ ಸಣ್ಣ, ಅಗ್ಗದ ಟೂ ಸ್ಟ್ರೋಕ್ ಗಾಡಿಯನ್ನ 1932ರಲ್ಲಿ ತಂದರು. ಅದು ಕೈ ಹಿಡಿಯಿತು. ಅಲ್ಲಿಂದ ಜಾವಾ ಅಂದರೆ ಬಹುಪಾಲು ಟೂ ಸ್ಟ್ರೋಕ್ ಅನ್ನೋ ಹಾಗಾಯಿತು. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಇಂಜಿನ್ನಿಗೆ ಬೇರೆ ಆಯಿಲ್ ಪಂಪ್ ಇಲ್ಲ. ಆಯಿಲನ್ನ ಪೆಟ್ರೋಲಿಗೇ ಬೆರೆಸಿ ಕುಡಿಸೋದು. ಹಳ್ಳಿಯ ಕಮ್ಮಾರನೂ ಬಿಚ್ಚಿ ಜೋಡಿಸಬಹುದಾದ ಯಂತ್ರ. ಬಡತನಕ್ಕೆ ಹುಟ್ಟಿದ ಜಾಣತನ ಅದು. ಹೊಗೆಯ ಬೀಜವೂ ಅಲ್ಲೇ ಬಿದ್ದಿತ್ತು.

ಎರಡನೇ ಮಹಾಯುದ್ಧದಲ್ಲಿ ಜರ್ಮನರು ಆ ದೇಶವನ್ನ ಹಿಡಿದುಕೊಂಡಿದ್ದಾಗ ಜಾವಾದ ಎಂಜಿನಿಯರುಗಳು ಗುಟ್ಟಾಗಿ ಯುದ್ಧದ ನಂತರದ ಗಾಡಿಯ ನಕ್ಷೆ ಬರೀತಾ ಕೂತಿದ್ದರು. ಯಾನೆಚೆಕ್ 1941ರಲ್ಲೇ ತೀರಿಕೊಂಡ. ಯುದ್ಧ ಮುಗಿದದ್ದೇ 1946ರ ಪ್ಯಾರಿಸ್ ಮೋಟಾರ್ ಪ್ರದರ್ಶನದಲ್ಲಿ ಆ 250 ಸಿಸಿ ಗಾಡಿ ಚಿನ್ನದ ಪದಕ ಗೆದ್ದಿತು. ಜನ ಅದನ್ನ 'ಪೆರಾಕ್' ಅಂತ ಕರೆದರು. ಚೆಕ್ ಭಾಷೆಯಲ್ಲಿ 'ಪೆರೊ' ಅಂದರೆ ಸ್ಪ್ರಿಂಗ್. ಹಿಂದಿನ ಚಕ್ರಕ್ಕೆ ಸ್ಪ್ರಿಂಗ್ ಇತ್ತು ಅನ್ನೋದು ಒಂದು ಕಾರಣ. ಆದರೆ ಅದಕ್ಕೂ ಚಂದದ ಕಾರಣ ಇನ್ನೊಂದಿದೆ. ಯುದ್ಧಕಾಲದ ಪ್ರಾಗ್ ನಗರದಲ್ಲಿ ಕಾಲಿಗೆ ಸ್ಪ್ರಿಂಗ್ ಕಟ್ಟಿಕೊಂಡು ಕತ್ತಲಲ್ಲಿ ಮನೆಯಿಂದ ಮನೆಗೆ ಜಿಗಿಯೋ ಒಬ್ಬ ನಿಗೂಢ ಮನುಷ್ಯನ ಕಥೆ ಬಾಯಿಂದ ಬಾಯಿಗೆ ಹರಡಿತ್ತು. ನಾಜಿಗಳಿಗೆ ಅವನು ಸಿಗ್ತಿರಲಿಲ್ಲವಂತೆ. ಅವನ ಹೆಸರೂ ಪೆರಾಕ್. ನಮ್ಮಲ್ಲಿ 'ನಾಳೆ ಬಾ' ಅಂತ ಗೋಡೆ ಮೇಲೆ ಬರೆದ ಕಾಲ ಇತ್ತಲ್ಲ, ಅಂಥದ್ದೇ ಒಂದು ಊರ ಗಾಳಿಸುದ್ದಿ. ಮೋಟಾರ್‌ಸೈಕಲ್ಲಿಗೆ ಅದರ ಹೆಸರು ಬಂದದ್ದು ಮಾತ್ರ ಅಲ್ಲಿ.

1954ರಲ್ಲಿ ಬಂದದ್ದು 353 ಅನ್ನೋ ಮಾದರಿ. ಹಿಂದಿನ ಚಕ್ರ ತೂಗುತೋಳಿನ ಮೇಲೆ ಮೇಲೆ ಕೆಳಗೆ ಆಡ್ತಿತ್ತು, ಅದಕ್ಕೆ ಅದರ ಅಡ್ಡಹೆಸರು 'ತೂಗಾಡೋದು' ಅನ್ನೋ ಅರ್ಥದ 'ಕಿವಾಚ್ಕಾ'. ಇದೇ ನಮ್ಮನೆ ಗಾಡಿಯ ಅಜ್ಜ. ಮೊಟ್ಟೆಯಾಕಾರದ ಇಂಜಿನ್, ಮೀನಿನ ಬಾಲದ ಹಾಗೆ ಚಪ್ಪಟೆಯಾದ ಸೈಲೆನ್ಸರಿನ ತುದಿ, ಹದಿನಾರು ಇಂಚಿನ ಚಕ್ರ. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತೆ. ಹೆಡ್‌ಲ್ಯಾಂಪಿನ ತಲೆಯಲ್ಲಿ ಕೀಲಿ. ಕೀಲಿ ಅಂದರೆ ಸಣ್ಣ ಸರಳು ಅಷ್ಟೇ. ಕಳೆದುಹೋದರೆ ಮೊಳೆ ಹಾಕಿ ಒತ್ತಿದರೂ ಗಾಡಿ ಹೊರಡ್ತಿತ್ತು. ಕಳ್ಳರಿಗೂ ಇದು ಗೊತ್ತಿತ್ತು. ಆದರೆ ಚಳಿಗಾಲದಲ್ಲಿ ಸ್ಟಾರ್ಟ್ ಮಾಡೋ ವಿದ್ಯೆ ಗೊತ್ತಿರ್ತಿರಲಿಲ್ಲ ಅಂತ ಅಪ್ಪ ನಗ್ತಾರೆ.

ಮೈಸೂರಿಗೆ ಇದು ಬಂದದ್ದು ಬೊಂಬಾಯಿ ದಾರಿಯಲ್ಲಿ. ಅಲ್ಲಿನ ರುಸ್ತುಂ ಇರಾನಿ, ಫಾರೂಖ್ ಇರಾನಿ ಅವರ ಕುಟುಂಬ 50ರ ದಶಕದಲ್ಲಿ ಜಾವಾ ಗಾಡಿಗಳನ್ನ ತರಿಸಿ ಮಾರ್ತಿತ್ತು. ಆಮದಿಗೆ ಸರ್ಕಾರ ಕಡಿವಾಣ ಹಾಕಿದ ಮೇಲೆ ಇಲ್ಲೇ ತಯಾರಿಸದೆ ಗತಿ ಇರಲಿಲ್ಲ. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಎದ್ದಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರ ಕೈಯಿಂದ ಉದ್ಘಾಟನೆ. 1961ರ ಹೊತ್ತಿಗೆ ಗಾಡಿಗಳು ಹೊರಗೆ ಬರ್ತಿದ್ದವು. ಮದರಾಸಿನವರು ಆಗಲೇ ಎನ್‌ಫೀಲ್ಡ್ ಬುಲೆಟ್ ಮಾಡ್ತಿದ್ದರು. ಪೊಲೀಸು, ಮಿಲಿಟರಿ ಅವರ ಕಡೆ. ಮೇಷ್ಟ್ರು, ಗುಮಾಸ್ತರು, ಕಾಫಿ ತೋಟದವರು, ಹಾಲಿನವರು ಜಾವಾ ಕಡೆ. ಇದು ನನ್ನ ಲೆಕ್ಕ, ಬುಲೆಟ್ ಪ್ರಿಯರು ಜಗಳಕ್ಕೆ ಬರಬಹುದು.

ಹಾಲಿನವರ ವಿಷಯ ಬಂದಿದ್ದರಿಂದ ಸ್ವಲ್ಪ ನಿಲ್ತೀನಿ. ನಾನು ಸ್ಕೂಲಿಗೆ ಹೋಗೋ ಕಾಲಕ್ಕೆ, ಅಂದರೆ 90ರ ದಶಕದ ಕೊನೆಗೆ, ಮಾಗಿ ಬೆಳಗಿನ ಅಲಾರಂ ಅಂದರೆ ಹಾಲಿನವರ ಯೆಜ್ದಿ ಸದ್ದೇ. ಸೀಟಿನ ಎರಡೂ ಕಡೆ ಕಬ್ಬಿಣದ ಚೌಕಟ್ಟು, ಅದಕ್ಕೆ ನೇತುಬಿದ್ದ ಅಲ್ಯೂಮಿನಿಯಂ ಕ್ಯಾನುಗಳು, ತಲೆಗೆ ಟವೆಲ್, ಬಾಯಲ್ಲಿ ಬೀಡಿ. ನಾಲ್ಕು ಗಂಟೆಗೆ ಹಳ್ಳಿಯಲ್ಲಿ ಹಾಲು ಕರೆಸಿ, ಐದಕ್ಕೆ ಗಾಡಿ ಎಬ್ಬಿಸಿ, ಆರಕ್ಕೆ ಊರೊಳಗೆ ಇರಬೇಕು. ಗಾಡಿ ಏಳದಿದ್ದರೆ ಹಾಲು ಒಡೆಯುತ್ತೆ, ಹಣ ಹೋಗುತ್ತೆ. ನಮ್ಮಂಥವರಿಗೆ ಭಾನುವಾರದ ಶೋಕಿಯಾದ 'ಕೋಲ್ಡ್ ಸ್ಟಾರ್ಟ್' ಅವರಿಗೆ ದಿನದ ಅನ್ನದ ಪ್ರಶ್ನೆ. ಹಾಗಾಗಿ ಈ ವಿದ್ಯೆಯ ನಿಜವಾದ ಪಂಡಿತರು ಕ್ಲಬ್ಬಿನ ಜಾಕೆಟ್ ಹಾಕಿದವರಲ್ಲ, ಈ ಟವೆಲ್ಲಿನವರು.

ಹಾಗಾದರೆ ಚಳಿಗೆ ಗಾಡಿ ಯಾಕೆ ಮೊಂಡು ಹಿಡಿಯುತ್ತೆ? ಪೆಟ್ರೋಲು ದ್ರವವಾಗಿ ಉರಿಯಲ್ಲ, ಆವಿಯಾಗಿ ಗಾಳಿಯಲ್ಲಿ ಬೆರೆತರೆ ಮಾತ್ರ ಉರಿಯುತ್ತೆ. ಚಳಿಯಲ್ಲಿ ಅದರ ಹಗುರ ಭಾಗ ಮಾತ್ರ ಆವಿಯಾಗುತ್ತೆ, ಉಳಿದದ್ದು ತಣ್ಣನೆಯ ಲೋಹಕ್ಕೆ ಹನಿಯಾಗಿ ಅಂಟಿಕೊಳ್ಳುತ್ತೆ. ಟೂ ಸ್ಟ್ರೋಕಿನಲ್ಲಿ ಕಷ್ಟ ಇನ್ನೂ ಜಾಸ್ತಿ. ಮಿಶ್ರಣ ನೇರವಾಗಿ ಸಿಲಿಂಡರಿಗೆ ಹೋಗಲ್ಲ, ಮೊದಲು ಕೆಳಗಿನ ಕ್ರ್ಯಾಂಕ್‌ಕೇಸ್ ಅನ್ನೋ ತಣ್ಣನೆ ಗವಿಯೊಳಗೆ ಸುತ್ತಿ ಬರಬೇಕು. ದಾರಿಯಲ್ಲೇ ಅರ್ಧ ಸೋರಿ ಹೋದ ಹಾಗೆ. ಅದಕ್ಕೇ ಟಿಕ್ಲರ್. ಯಿಕೋವ್ ಕಾರ್ಬುರೇಟರಿನ ಆ ಗುಂಡಿ ಒತ್ತಿದರೆ ಒಳಗಿನ ಫ್ಲೋಟ್ ಮುಳುಗುತ್ತೆ, ಬಟ್ಟಲು ತುಂಬಿ ತುಳುಕುತ್ತೆ, ಇಂಜಿನ್ನಿಗೆ ಒಂದು ಗುಟುಕು ಜಾಸ್ತಿ ಪೆಟ್ರೋಲು ಸಿಗುತ್ತೆ. ಹಿಮದ ದೇಶದವರು ಉತ್ತರವನ್ನ ಗಾಡಿಯಲ್ಲೇ ಇಟ್ಟು ಕಳಿಸಿದ್ದರು. ಗಾಡಿ ಮುನಿಸಿಕೊಂಡಿರಲಿಲ್ಲ. ಬೆರಳು ಒದ್ದೆ ಮಾಡಿಕೊಳ್ಳೋಕೆ ನನಗೇ ಸೋಮಾರಿತನ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದ ಮೇಲೆ ಹೊಸ ಬೈಕುಗಳಿಂದ ಕಾರ್ಬುರೇಟರೇ ಹೆಚ್ಚುಕಮ್ಮಿ ಮಾಯ. ಈಗಿನ ಹುಡುಗರಿಗೆ ಈ ಇಡೀ ಪ್ಯಾರಾ ಪುರಾಣ.

ನನಗೆ ಈ ಪುರಾಣ ಹೇಳಿಕೊಟ್ಟವರು ಅಪ್ಪನ ಗಾಡಿ ನೋಡಿಕೊಳ್ಳೋ ಮೇಸ್ತ್ರಿ. ಎಪ್ಪತ್ತು ದಾಟಿದೆ. ಮಾತು ಕಮ್ಮಿ, ಬೈಗುಳ ಜಾಸ್ತಿ. ನಾನು ಮೊಬೈಲಿನಲ್ಲಿ ನೋಟ್ಸ್ ಬರ್ಕೊಳ್ಳೋಕೆ ಹೋದಾಗ "ಕೈಲಿ ಸ್ಪ್ಯಾನರ್ ಹಿಡಿ, ಫೋನ್ ಅಲ್ಲ" ಅಂದರು.

ಅವರು ಹೇಳಿದ ಮೊದಲ ಮಾತು ರಾತ್ರಿಯದ್ದು, ಬೆಳಗಿನದ್ದಲ್ಲ. ಗಾಡಿ ನಿಲ್ಲಿಸೋ ಮುಂಚೆ ಮನೆ ಇನ್ನೂರು ಗಜ ದೂರ ಇರುವಾಗಲೇ ಪೆಟ್ರೋಲ್ ನಲ್ಲಿ ಬಂದ್ ಮಾಡಬೇಕು. ಕಾರ್ಬುರೇಟರಿನಲ್ಲಿ ಇರೋದು ಉರಿದು ಖಾಲಿಯಾಗಿ ಗಾಡಿ ತಾನೇ ನಿಲ್ಲಬೇಕು. ಯಾಕೆ? ಬಟ್ಟಲಲ್ಲಿ ಉಳಿದ ಮಿಶ್ರಣದಿಂದ ಪೆಟ್ರೋಲು ಮೆಲ್ಲಗೆ ಹಾರಿಹೋಗುತ್ತೆ, ಆಯಿಲು ಉಳಿಯುತ್ತೆ. ಬೆಳಗ್ಗೆ ನೀವು ಇಂಜಿನ್ನಿಗೆ ಕುಡಿಸೋದು ಬರೀ ಎಣ್ಣೆ. ಪ್ಲಗ್ ಒದ್ದೆ, ಬೀದಿ ತುಂಬ ಹೊಗೆ. ಹಳೇ ಜಾವಾಕ್ಕೆ ಲೀಟರಿಗೆ 40 ಮಿಲಿ ಆಯಿಲು ಲೆಕ್ಕ. "ಕೈ ಧಾರಾಳ ಮಾಡಿದರೆ ಇಂಜಿನ್ನಿಗೆ ಒಳ್ಳೇದು" ಅಂತ ಸುಮ್ಮನೆ ಸುರಿಯೋರು ಬಹಳ ಜನ. ಅಂಥವರನ್ನ ಮೇಸ್ತ್ರಿ ಕರೆಯೋ ಹೆಸರನ್ನ ಇಲ್ಲಿ ಅಚ್ಚು ಮಾಡೋ ಹಾಗಿಲ್ಲ. ಹಿಂದೆ ಪೆಟ್ರೋಲ್ ಬಂಕಿನಲ್ಲೇ ಬೆರೆಸಿ ಕೊಡ್ತಿದ್ದರು. ಈಗ ಬಾಟಲಿ ತಗೊಂಡು ನಾವೇ ಬೆರೆಸಬೇಕು. ಬೆರೆಸದೆ ಟ್ಯಾಂಕಿಗೆ ಸುರಿದರೆ ಚಳಿಗೆ ಗಟ್ಟಿಯಾದ ಎಣ್ಣೆ ತಳಕ್ಕೆ ಇಳಿದು ನಲ್ಲಿ ಹತ್ತಿರ ಕೂರುತ್ತೆ.

ಎರಡನೇದು ಕ್ಲಚ್. ರಾತ್ರಿಯೆಲ್ಲ ನಿಂತ ಗಾಡಿಯ ಕ್ಲಚ್ ಪ್ಲೇಟುಗಳು ತಣ್ಣನೆ ಎಣ್ಣೆಯಲ್ಲಿ ಒಂದಕ್ಕೊಂದು ಅಂಟಿರ್ತವೆ, ಹಸಿ ಹಪ್ಪಳ ಜೋಡಿಸಿಟ್ಟ ಹಾಗೆ. ಕೀಲಿ ಹಾಕೋ ಮುಂಚೆ ಕ್ಲಚ್ ಹಿಡಿದು ನಾಲ್ಕು ಸಲ ಸುಮ್ಮನೆ ಕಿಕ್ ಒತ್ತಿ ಬಿಡಿಸಬೇಕು. ಇಲ್ಲದಿದ್ದರೆ ಮೊದಲ ಗೇರ್ ಹಾಕಿದ ತಕ್ಷಣ ಗಾಡಿ ಕುದುರೆ ಹಾಗೆ ನೆಗೆಯುತ್ತೆ. ನಾನು ಹಾಗೆ ಒಂದು ಸಲ ನಮ್ಮನೆ ತುಳಸಿಕಟ್ಟೆಗೆ ಗುದ್ದಿದ್ದೀನಿ. ಅಮ್ಮ ಇವತ್ತಿಗೂ ಮರೆತಿಲ್ಲ.

ಬ್ಯಾಟರಿ 6 ವೋಲ್ಟಿನದ್ದು. ಚಳಿಯಲ್ಲಿ ಅದರ ಶಕ್ತಿ ಇನ್ನೂ ಕುಗ್ಗುತ್ತೆ, ಕಿಡಿ ಬಡವಾಗುತ್ತೆ. ಕಾಂಟ್ಯಾಕ್ಟ್ ಪಾಯಿಂಟಿನ ಸಂದು 0.4 ಮಿಲಿಮೀಟರ್ ಇರಬೇಕು. ಅಳೆಯೋ ಗೇಜ್ ಇಲ್ಲದಿದ್ದರೆ ಮೇಸ್ತ್ರಿ ಜೇಬಿಂದ ಯಾರದ್ದೋ ವಿಸಿಟಿಂಗ್ ಕಾರ್ಡ್ ತೆಗೆದು ತೂರಿಸ್ತಾರೆ. ನನ್ನ ಕಾರ್ಡು ಈ ಕೆಲಸಕ್ಕೆ ಬಹಳ ತೆಳು, ಕಂಪನಿಯವರು ಜಿಪುಣರು ಅಂತ ಒಂದು ಸಲ ತೀರ್ಪು ಕೊಟ್ಟರು.

ಇಷ್ಟಾದರೂ ಏಳದಿದ್ದರೆ ಅಪ್ಪನ ಬ್ರಹ್ಮಾಸ್ತ್ರ ಇತ್ತು. ಪ್ಲಗ್ ಬಿಚ್ಚಿ, ಇಕ್ಕಳದಲ್ಲಿ ಹಿಡಿದು, ಅಡುಗೆಮನೆಯ ಗ್ಯಾಸ್ ಒಲೆ ಮೇಲೆ ಕಾಯಿಸಿ, ಬಿಸಿ ಬಿಸಿ ಇರುವಾಗಲೇ ಓಡಿ ಬಂದು ಹಾಕಿ ಒದೆಯೋದು. ಬಿಸಿ ಪ್ಲಗ್ಗಿನ ಮೇಲೆ ಪೆಟ್ರೋಲು ಹನಿಗಟ್ಟಲ್ಲ, ಕಿಡಿ ಹಾರುತ್ತೆ. ಹಾಲು ಕಾಯಿಸೋ ಒಲೆಯಲ್ಲಿ ಪ್ಲಗ್ ಕಾಯಿಸೋ ಗಂಡಸಿನ ಬಗ್ಗೆ ಅಮ್ಮನಿಗಿದ್ದ ಅಭಿಪ್ರಾಯವನ್ನ ನೀವೇ ಊಹಿಸಿಕೊಳ್ಳಿ. ನೀವು ಮಾಡೋದಾದರೆ ಪೆಟ್ರೋಲ್ ಒರೆಸಿ ಒಣಗಿಸಿ ಆಮೇಲೆ ಒಲೆ ಹತ್ತಿರ ಹೋಗಿ, ಅಷ್ಟು ಹೇಳೋ ಜವಾಬ್ದಾರಿ ನನ್ನದು.

ಎದ್ದ ಮೇಲೂ ತಾಳ್ಮೆ ಬೇಕು. ತಣ್ಣಗಿರೋ ಇಂಜಿನ್ನಿಗೆ ರೊಂಯ್ ರೊಂಯ್ ಅಂತ ಆಕ್ಸಿಲರೇಟರ್ ಕೊಟ್ಟರೆ ಒಳಗಿನ ಅಲ್ಯೂಮಿನಿಯಂ ಪಿಸ್ಟನ್ ಬೇಗ ಹಿಗ್ಗುತ್ತೆ, ಸುತ್ತಲಿನ ಎರಕದ ಕಬ್ಬಿಣದ ಸಿಲಿಂಡರ್ ಇನ್ನೂ ತಣ್ಣಗೇ ಇರುತ್ತೆ. ಸಂದು ಮುಚ್ಚಿ ಇಂಜಿನ್ ಹಿಡಿದುಕೊಳ್ಳುತ್ತೆ. ಬೇಸಿಗೆಯಲ್ಲಿ ಸೀಜ್ ಆಗೋದು ಎಲ್ಲರಿಗೂ ಗೊತ್ತು, ಚಳಿಯಲ್ಲೂ ಆಗುತ್ತೆ ಅನ್ನೋದು ಗೊತ್ತಿಲ್ಲ. ಬ್ರೇಕ್ ಡ್ರಮ್ಮಿನೊಳಗೆ ರಾತ್ರಿಯ ಇಬ್ಬನಿಗೆ ತೆಳುವಾಗಿ ತುಕ್ಕು ಕೂತಿರುತ್ತೆ, ಮೊದಲ ಒಂದೆರಡು ಬ್ರೇಕು ಜಗ್ಗಿದ ಹಾಗೆ ಹಿಡಿಯುತ್ತೆ. ಇನ್ನೊಂದು ಹೊಸ ಕಾಲದ ತಲೆನೋವು ಎಥನಾಲ್. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಅದು ಇರುತ್ತೆ, ಅದಕ್ಕೆ ನೀರು ಹೀರೋ ಗುಣ. ಅರ್ಧ ಖಾಲಿ ಟ್ಯಾಂಕಿನ ಒಳಗೋಡೆ ಮೇಲೆ ರಾತ್ರಿ ನೀರ ಹನಿ ಕಟ್ಟುತ್ತೆ, ಎಥನಾಲ್ ಅದನ್ನ ಕುಡಿಯುತ್ತೆ, ಕೊನೆಗೆ ಎರಡೂ ಬೇರ್ಪಟ್ಟು ತಳದಲ್ಲಿ ಕೂತು ತುಕ್ಕು ಹಿಡಿಸುತ್ತೆ. ಹಾಗಾಗಿ ಡಿಸೆಂಬರಿನಲ್ಲಿ ಗಾಡಿ ನಿಲ್ಲಿಸೋದಾದರೆ ಟ್ಯಾಂಕ್ ಪೂರ್ತಿ ತುಂಬಿಸಿ ನಿಲ್ಲಿಸಿ.

ಮಾಗಿಯ ದೊಡ್ಡ ಕೆಲಸ ಸೈಲೆನ್ಸರ್ ಸುಡೋದು. ವರ್ಷವಿಡೀ ಅರೆಬೆಂದ ಎಣ್ಣೆ ಒಳಗೆ ಟಾರಿನ ಹಾಗೆ ಕೂತಿರುತ್ತೆ. ಒಳಗಿನ ಕೊಳವೆ ಎಳೆದು, ಹುಲ್ಲು ಹೊತ್ತಿಸಿ, ಬೆಂಕಿಗೆ ಹಾಕಿ ಬಡಿದರೆ ಕರಿ ಪುಡಿ ಸೇರುಗಟ್ಟಲೆ ಉದುರುತ್ತೆ. ಚಿಕ್ಕವನಿದ್ದಾಗ ನನಗೆ ಅದೊಂದು ಹಬ್ಬ, ಸಂಕ್ರಾಂತಿಗೆ ಕಿಚ್ಚು ಹಾಯಿಸೋದಕ್ಕಿಂತ ಮುಂಚಿನ ಕಿಚ್ಚು. ಅಪ್ಪ, ಮೇಸ್ತ್ರಿ ಇಬ್ಬರೂ ಬೆಂಕಿ ಪಕ್ಕ ಕುಕ್ಕರಗಾಲಲ್ಲಿ ಕೂತು ಚಳಿ ಕಾಯಿಸ್ತಾ, ಆ ಹೊಗೆ ಕುಡೀತಾ ಗಂಟೆಗಟ್ಟಲೆ ಮಾತಾಡ್ತಿದ್ದರು. ಈಗ ಅದನ್ನ ನೆನೆದರೆ ಮೈ ಜುಂ ಅನ್ನುತ್ತೆ.

ಕಾರ್ಖಾನೆಯ ಕಥೆಗೆ ವಾಪಸ್ ಬರ್ತೀನಿ. 70ರ ದಶಕದ ಮೊದಲ ಭಾಗದಲ್ಲಿ ಚೆಕ್ಕರ ಪರವಾನಗಿ ಮುಗಿದು ಟ್ಯಾಂಕಿನ ಮೇಲೆ ಜಾವಾ ಬದಲು ಯೆಜ್ದಿ ಅನ್ನೋ ಹೆಸರು ಬಂತು. ಇರಾನಿ ಕುಟುಂಬದ ಪೂರ್ವಜರ ನಾಡಿನ ಯಜ್ದ್ ಪಟ್ಟಣದ ಹೆಸರು ಅಂತ ಒಂದು ಪಾಠ. ಚೆಕ್ ಭಾಷೆಯಲ್ಲಿ 'ಯೆಜ್ದಿ' ಅಂದರೆ 'ಸವಾರಿ ಮಾಡ್ತಾನೆ' ಅಂತ ಇನ್ನೊಂದು. ಎರಡೂ ಒಪ್ಪುತ್ತೆ, ಹಾಗಾಗಿ ಎರಡೂ ನಿಜವೇ ಇರಲಿ. 1978ರಲ್ಲಿ ರೋಡ್‌ಕಿಂಗ್ ಬಂತು. ಕಾಲೇಜು ಹುಡುಗರಿಗೆ ಹುಚ್ಚು ಹಿಡಿಸಿದ್ದು ಅದೇ.

ಆದರೆ 80ರ ದಶಕದ ನಡುವೆ ಜಪಾನಿನವರು ಬಂದರು. 1985ರಲ್ಲಿ ಹೀರೋ ಹೋಂಡಾ, ಅದೇ ವರ್ಷ ಯಮಾಹಾ ಆರ್‌ಎಕ್ಸ್ 100. ಹೀರೋ ಹೋಂಡಾ ಫೋರ್ ಸ್ಟ್ರೋಕ್. ಎಣ್ಣೆ ಬೆರೆಸೋ ರಗಳೆ ಇಲ್ಲ, ಹೊಗೆ ಇಲ್ಲ, ಕುಡಿಯೋದು ಯೆಜ್ದಿಯ ಅರ್ಧದಷ್ಟೂ ಇಲ್ಲ. ಮಾಗಿ ಬೆಳಗ್ಗೆ ಚೋಕ್ ಎಳೆದು ಒಂದು ಕಿಕ್, ಮುಗೀತು. ಹೊಟ್ಟೆಪಾಡಿಗೆ ಗಾಡಿ ಓಡಿಸೋನು ಯಾವುದನ್ನ ಕೊಳ್ತಾನೆ? ಬೆರಳಿಗೆ ಪೆಟ್ರೋಲು ಹತ್ತಿಸಿಕೊಳ್ಳೋದನ್ನ ಪ್ರೀತಿಯಿಂದ ನೆನೆಯೋರೆಲ್ಲ ನನ್ನ ಹಾಗೆ ಸಂಬಳ ಬೇರೆ ಕಡೆಯಿಂದ ಬರೋರು.

1991ರಲ್ಲಿ ದೇಶದ ಮೊದಲ ಹೊಗೆ ನಿಯಮ, 1996ರಲ್ಲಿ ಇನ್ನೂ ಬಿಗಿಯಾದದ್ದು. ಟೂ ಸ್ಟ್ರೋಕಿನ ಹುಟ್ಟುಗುಣವೇ ಇಲ್ಲಿ ಸಿಕ್ಕಿಬಿತ್ತು. ಉರಿದ ಹೊಗೆಯನ್ನ ಹೊರಗೆ ತಳ್ಳೋದು ಹೊಸ ಮಿಶ್ರಣವೇ. ತಳ್ಳುವಾಗ ಅದರಲ್ಲೊಂದು ಪಾಲು ತಾನೂ ಉರಿಯದೆ ಹೊರಗೆ ಜಾರಿಹೋಗುತ್ತೆ, ಜೊತೆಗೆ ಎಣ್ಣೆಯ ಸಣ್ಣ ಹನಿಗಳು. ಇಂಜಿನ್ ತಣ್ಣಗಿದ್ದಾಗ ಇದು ಹೆಚ್ಚು. ಮಾಗಿ ಬೆಳಗ್ಗೆ ನೆಲ ತಣ್ಣಗೆ, ಮೇಲಿನ ಗಾಳಿ ಬೆಚ್ಚಗೆ ಇರೋದರಿಂದ ಹೊಗೆಗೆ ಮೇಲೇಳೋಕೆ ದಾರಿ ಇಲ್ಲ, ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ. ಅಂದರೆ ಗಾಡಿ ಅತಿ ಹೆಚ್ಚು ಹೊಗೆ ಬಿಡೋ ಹೊತ್ತಿಗೇ ಆ ಹೊಗೆ ಅತಿ ಹೆಚ್ಚು ಹೊತ್ತು ಮೂಗಿನ ಎತ್ತರದಲ್ಲಿ ನಿಲ್ಲೋದು. 1996ರಲ್ಲೇ ಯಾದವಗಿರಿಯ ಕಾರ್ಖಾನೆ ಬಾಗಿಲು ಹಾಕಿತು. ಮಾರಾಟ ಕುಸಿದಿತ್ತು, ಕಾರ್ಮಿಕರ ತಕರಾರುಗಳಿದ್ದವು, ಹೊಗೆ ಒಂದೇ ಕಾರಣ ಅಂತ ಹೇಳೋಕಾಗಲ್ಲ. ಆದರೆ ಉಳಿದೆಲ್ಲ ಸರಿ ಇದ್ದಿದ್ದರೂ ಆ ಇಂಜಿನ್ ಬದುಕ್ತಿರಲಿಲ್ಲ ಅಂತ ನನಗನಿಸುತ್ತೆ. "ನಮ್ಮ ಜಾವಾನ ಸರ್ಕಾರ ಕೊಂದಿತು" ಅಂತ ಕಣ್ಣೀರು ಹಾಕೋ ಗೆಳೆಯರಿದ್ದಾರೆ. ನಾನೂ ಹಾಕ್ತಿದ್ದೆ, ಆ ಕಿಟಕಿ ಮುಚ್ಚಿಕೊಳ್ಳೋವರೆಗೆ. ಮೈಸೂರಿನ ಎಷ್ಟೋ ಮನೆಗಳಿಗೆ ಆ ಗೇಟು ಮುಚ್ಚಿದ್ದು ಅನ್ನ ಹೋದದ್ದೂ ಹೌದು. ಎರಡೂ ಒಟ್ಟಿಗೇ ನಿಜ, ಏನು ಮಾಡೋದು.

2018ರಲ್ಲಿ ಜಾವಾ, 2022ರಲ್ಲಿ ಯೆಜ್ದಿ ಹೆಸರು ಹೊಸ ಗಾಡಿಗಳ ಮೇಲೆ ವಾಪಸ್ ಬಂತು. ಫೋರ್ ಸ್ಟ್ರೋಕ್, ನೀರಿನಿಂದ ತಣಿಯೋ ಇಂಜಿನ್, ಫ್ಯುಯೆಲ್ ಇಂಜೆಕ್ಷನ್. ನೋಡೋಕೆ ಚಂದ. ಚಳಿ ಬೆಳಗ್ಗೆ ಗುಂಡಿ ಒತ್ತಿದರೆ ಏಳುತ್ತೆ. ಅದರ ಬಗ್ಗೆ ಬರೆಯೋಕೆ ನನಗೇನೂ ಇಲ್ಲ.

ಇನ್‌ಹೇಲರಿನ ಆ ಬೆಳಗಾದ ಮೇಲೆ ಬೆಂಗಳೂರಿನ ಒಬ್ಬ ಕೆಫೆ ಮಾಲೀಕರು ಫೋನ್ ಮಾಡಿದ್ದರು. ಗಾಡಿಯನ್ನ ಗೋಡೆಗೆ ತೂಗುಹಾಕೋಕೆ ಬೇಕಂತೆ. ಇಂಜಿನ್ ಓಡದಿದ್ದರೂ ಪರವಾಗಿಲ್ಲ, ತೆಗೆದೇ ಬಿಡ್ತೀವಿ, ಭಾರ ಕಮ್ಮಿ ಆಗುತ್ತೆ ಅಂದರು. ಬೆಲೆ ಚೆನ್ನಾಗಿಯೇ ಹೇಳಿದರು. ಅಪ್ಪನಿಗೆ ಹೇಳಿದೆ. "ಕೊಟ್ಬಿಡು. ಇದ್ದು ಏನು ಮಾಡುತ್ತೆ, ನನ್ನ ಉಸಿರು ತೆಗೆಯುತ್ತೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಇಂಜಿನ್ ಬಿಚ್ಚಿ ಏನ್ಮಾಡ್ತಾರಂತೆ?" ಅಂತ ಕೇಳಿದರು. ಗುಜರಿಗೆ ಹಾಕಬಹುದು ಅಂದೆ. ಅವರು ಪೇಪರ್ ತಿರುವಿ ಹಾಕಿದರು.

ಮಾರನೇ ದಿನ ನಾನು ಗಾಡಿಯನ್ನ ಐದೂಮುಕ್ಕಾಲಿಗೆ ಎಬ್ಬಿಸಲಿಲ್ಲ. ಒಂಬತ್ತಾಗಲಿ ಅಂತ ಕಾದೆ. ಬಿಸಿಲು ಬಂದು ನೆಲ ಕಾದು ಆ ಮುಚ್ಚಿದ ತಟ್ಟೆ ಸರಿದ ಮೇಲೆ, ಗಾಡಿಯನ್ನ ಬೀದಿ ಕೊನೆಯ ಮೈದಾನದವರೆಗೆ ತಳ್ಳಿಕೊಂಡು ಹೋದೆ. ಕ್ಲಚ್ ಹಿಡಿದು ನಾಲ್ಕು ಸಲ ಒತ್ತಿದೆ. ಬೆರಳು ಒದ್ದೆಯಾಗೋವರೆಗೆ ಟಿಕ್ಲರ್ ಒತ್ತಿದೆ. ಎರಡನೇ ಕಿಕ್ಕಿಗೆ ಎದ್ದಿತು. ಹೊಗೆ ಬಂತು, ಈ ಸಲ ಮೇಲೆ ಹೋಗಿ ಕರಗಿತು. ಐದು ನಿಮಿಷ ಮೆಲ್ಲಗೆ ಓಡಲು ಬಿಟ್ಟೆ. ಇಂಜಿನ್ ಬಿಸಿಯಾಗಿ, ಸೈಲೆನ್ಸರ್ ತುದಿಯಲ್ಲಿ ಕಾಣೋ ಹೊಗೆ ತೆಳ್ಳಗಾದ ಮೇಲೆ ಮನೆ ಕಡೆ ತಿರುಗಿಸಿದೆ.

ಅಪ್ಪ ಗೇಟಿನ ಹತ್ತಿರ ನಿಂತಿದ್ದರು. ಸ್ವೆಟರ್, ಕುಲಾವಿ, ಕೋವಿಡ್ ಕಾಲದ ಮಾಸ್ಕ್. "ಎರಡನೇದಕ್ಕೆ ಬಂತು ಅಲ್ವಾ? ಇಲ್ಲಿಗೆ ಕೇಳಿಸ್ತು" ಅಂದರು. ಅಮ್ಮ ಒಳಗಿಂದ ಏನೋ ಕೂಗಿದರು. ಅಪ್ಪ ಕೇಳಿಸದವರ ಹಾಗೆ ನನ್ನ ಭುಜ ಹಿಡಿದು ಹಿಂದೆ ಹತ್ತಿ ಕೂತರು. ಯಾದವಗಿರಿ ಕಡೆ ಹೋಗು ಅಂದರು. ಏರಿನಲ್ಲಿ ಗಾಡಿ ಸ್ವಲ್ಪ ಉಬ್ಬಸ ಪಟ್ಟಿತು. ಮಾಸ್ಕಿನೊಳಗಿಂದ ಅಪ್ಪ, "ಮೂರನೇದರಲ್ಲಿ ಯಾಕೋ ಸಾಯಿಸ್ತೀಯ ಅದನ್ನ, ಎರಡಕ್ಕೆ ಹಾಕು" ಅಂದರು.

ಎರಡಕ್ಕೆ ಹಾಕಿದೆ. ಕೆಫೆಯವರ ಮೆಸೇಜಿಗೆ ಇನ್ನೂ ಉತ್ತರ ಬರೆದಿಲ್ಲ.